ಹೇರಿನ ಗಡಿಕಲ್ಲು

ವಿಮಾನವೊಂದು ಎಷ್ಟು ಸರಕನ್ನು ಹೊರಬೇಕೆಂಬುದನ್ನು ನಿರ್ಧರಿಸುವವರು ಯಾರು? ಯಂತ್ರಶಾಸ್ತ್ರಜ್ಞರು ಎಂಬುದು ಸಹಜವಾದ ಉತ್ತರ. ರೆಕ್ಕೆಯ ಬಲ, ಎಂಜಿನ್ನಿನ ಕಸುವು, ರನ್‌ವೇಯ ಉದ್ದ ಇವೆಲ್ಲ ಹೇರಿಗೆ ಮಿತಿಯನ್ನು ಹಾಕುತ್ತವೆ. ಅಮೆರಿಕದಲ್ಲಿ ಇನ್ನೊಂದು ಮಿತಿಯೂ ಉಂಟು. ಅದು ಕಂಪನಿಯೂ ವಿಮಾನಚಾಲಕರ ಸಂಘವೂ ಸಹಿ ಹಾಕಿದ ಕರಾರಿನಲ್ಲಿದೆ. ಅದಕ್ಕೆ ಅಲ್ಲಿಯವರು ‘ಸ್ಕೋಪ್ ಕ್ಲಾಸ್’ ಎನ್ನುತ್ತಾರೆ. ನಾವು ವ್ಯಾಪ್ತಿಯ ಕಲಮು ಎನ್ನೋಣ. ಯಾವ ವಿಮಾನವನ್ನು ಕಂಪನಿಯ ಸ್ವಂತ ಚಾಲಕರೇ ನಡೆಸಬೇಕು, ಯಾವುದನ್ನು ಹೊರಗಿನ ಗುತ್ತಿಗೆದಾರರಿಗೆ ಬಿಡಬಹುದು ಎಂಬುದಕ್ಕೆ ಆ ಕಲಮೇ ಗಡಿಕಲ್ಲು.

ಪ್ರಯಾಣಿಕರ ವಿಮಾನದಲ್ಲಿ ಈ ಗಡಿಯನ್ನು ಆಸನಗಳ ಎಣಿಕೆಯಿಂದ ಗುರುತಿಸಬಹುದು. ಸರಕಿನ ವಿಮಾನದಲ್ಲಿ ಆಸನಗಳೆಲ್ಲಿ? ಅಲ್ಲಿ ತೂಕವೇ ಅಳತೆಗೋಲು. ಆದರೆ ಯಾವ ತೂಕ? ವಿಮಾನದ ಸ್ವಂತ ಭಾರ, ಇಂಧನ, ಹೇರು ಈ ಮೂರೂ ಸೇರಿ, ನೆಲ ಬಿಟ್ಟೇಳಲು ವಿಧಿಸಿದ ಗರಿಷ್ಠ ತೂಕವನ್ನು ಮೀರುವಂತಿಲ್ಲ. ದೂರ ಬೆಳೆದಂತೆ ಇಂಧನ ಹೆಚ್ಚಬೇಕು, ಹೇರು ತಗ್ಗಬೇಕು. ಒಂದೇ ವಿಮಾನ ಹತ್ತಿರದ ಊರಿಗೆ ದೊಡ್ಡದೂ ದೂರದ ಊರಿಗೆ ಚಿಕ್ಕದೂ ಎನಿಸೀತು. ಇಂಥ ತಕರಾರಿಗೆ ಎಡೆಯಾಗದಿರಬೇಕಾದರೆ, ದಿನದಿನದ ಹೇರಿಗಿಂತ ಪ್ರಮಾಣಪತ್ರದಲ್ಲಿ ನಮೂದಾದ ಗರಿಷ್ಠ ಅಂಕಿಯನ್ನು ನೆಚ್ಚುವುದೇ ಕ್ಷೇಮ.

ಇಂಥ ಮಿತಿಯನ್ನು ಹಿಂದೆ ಸರ್ಕಾರವೇ ಹಾಕಿತ್ತು. ಫೆಡರಲ್ ಎಕ್ಸ್‌ಪ್ರೆಸ್ ಸಂಸ್ಥೆ 1973ರಲ್ಲಿ ಮೆಂಫಿಸ್ ನಗರದಿಂದ ಹಾರಾಟ ತೊಡಗಿದಾಗ, ಹೇರು 7,500 ಪೌಂಡನ್ನು, ಎಂದರೆ ಸುಮಾರು 3,400 ಕಿಲೋಗ್ರಾಮನ್ನು, ಮೀರದ ಸಣ್ಣ ವಿಮಾನಗಳಿಗೆ ಮಾತ್ರ ಮಾರ್ಗದ ಪರವಾನಗಿಯಿಂದ ವಿನಾಯಿತಿ ಇತ್ತು. ಆದಕಾರಣ ಆ ಸಂಸ್ಥೆ ಪುಟ್ಟ ಫಾಲ್ಕನ್ ಜೆಟ್ಟುಗಳನ್ನು ಆರಿಸಿಕೊಂಡಿತು. 1977ರ ಕಾನೂನು ಆ ಕಟ್ಟನ್ನು ಬಿಚ್ಚಿತು. ದೊಡ್ಡ ಬೋಯಿಂಗ್ 727 ವಿಮಾನಗಳು ಬಂದವು. ಸರ್ಕಾರವು ಮಾರುಕಟ್ಟೆಯನ್ನು ಹಂಚಲೆಂದು ಬಳಸಿದ್ದ ತೂಕದ ಅಳತೆಯನ್ನು ಚಾಲಕರ ಸಂಘಗಳು ಕೆಲಸದ ರಕ್ಷಣೆಗೆ ಬಳಸುತ್ತವೆ.

ರಕ್ಷಣೆ ಏಕೆ ಬೇಕಾಯಿತು? ಸಣ್ಣ ಊರುಗಳಿಗೆ ಸರಕೊಯ್ಯುವ ಕಿರುವಿಮಾನಗಳನ್ನು ಇಂದಿನ ಫೆಡೆಕ್ಸ್ ತಾನೇ ಕೊಂಡು, ನಡೆಸುವ ಕೆಲಸವನ್ನು ಗುತ್ತಿಗೆ ಕಂಪನಿಗಳಿಗೆ ಒಪ್ಪಿಸುತ್ತದೆ. ಒಂದೇ ಎಂಜಿನ್ನಿನ ಸೆಸ್ನಾ ಕ್ಯಾರವಾನ್ ಅಲ್ಲಿ ಬಹುಕಾಲದ ದುಡಿಮೆಗಾರ. 2020ರಲ್ಲಿ ಸುಮಾರು 9 ಟನ್ ಹೊರುವ ಹೊಸ ಎಟಿಆರ್ 72 ಬಂದಿತು. 2022ರಲ್ಲಿ 6,000 ಪೌಂಡು ಹೊರುವ ಸ್ಕೈಕೊರಿಯರ್ ಸೇರಿತು. ಕಿರಿದೆಂಬುದು ಹೀಗೆ ಹಿರಿದಾಗುತ್ತ ಹೋದರೆ ತಮ್ಮ ಪಾಲಿಗೆ ಏನುಳಿದೀತು ಎಂಬುದು ಸಂಘದವರ ಚಿಂತೆ.

ಕಾಗದದ ಮೇಲಣ ಅಂಕಿ ಯಂತ್ರವನ್ನೂ ತಡೆಯಬಲ್ಲದೆಂಬುದಕ್ಕೆ ಪ್ರಯಾಣಿಕರ ವಿಮಾನಗಳಲ್ಲೇ ನಿದರ್ಶನವಿದೆ. ಅಮೆರಿಕದ ಮೂರು ದೊಡ್ಡ ಕಂಪನಿಗಳ ಕರಾರುಗಳಲ್ಲಿ ಗುತ್ತಿಗೆ ವಿಮಾನಕ್ಕಿರುವ ಮೇಲ್ಮಿತಿ 76 ಆಸನ, 86,000 ಪೌಂಡು. ಎಂದರೆ ಸುಮಾರು 39 ಟನ್. ಬ್ರೆಜಿಲಿನ ಎಂಬ್ರೇಯರ್ ಸಂಸ್ಥೆ ರೂಪಿಸಿದ ಇ175-ಇ2 ವಿಮಾನವು ಇಂಧನ ಉಳಿಸುವ ಹೊಸ ಎಂಜಿನ್ನುಗಳನ್ನು ಪಡೆದು ತೂಕದಲ್ಲಿ 44 ಟನ್ನನ್ನು ದಾಟಿತು. ಅದಕ್ಕೆ ಆ ಗುತ್ತಿಗೆಯ ಬಾಗಿಲು ತೆರೆಯಲಿಲ್ಲ.

ಈ ಕಲಮು ನ್ಯಾಯವೇ? ಒಳಗಿರುವವನಿಗೆ ಅದು ಬೇಲಿ; ವರ್ಷಗಟ್ಟಲೆ ಹೋರಾಡಿ ಗಳಿಸಿದ ವೇತನ, ಹಿರಿತನ ಅದರ ಒಳಗಿವೆ. ಹೊರಗಿರುವ ಗುತ್ತಿಗೆ ಚಾಲಕನೂ ಅದೇ ಮಂಜಿನಲ್ಲಿ, ಅದೇ ಇರುಳಿನಲ್ಲಿ ಹಾರುತ್ತಾನೆ. ಬೇಲಿಯನ್ನು ಕಿತ್ತರೆ ಅವನ ಸಂಬಳ ಏರೀತೆಂಬ ಭರವಸೆಯಿಲ್ಲ; ಒಳಗಿನವನದು ಇಳಿದೀತೆಂಬ ಭಯವಂತೂ ಇದೆ. ಕರಾರು ಮುಗಿದಾಗಲೆಲ್ಲ ಮೇಜಿನ ಎರಡು ಬದಿಯವರೂ ಆ ಅಂಕಿಗಾಗಿ ಅಷ್ಟು ಹಟ ಹಿಡಿಯುವುದರ ಮರ್ಮ ಇದೇ.