ನಿಮಗಿದು ಗೊತ್ತೇ? ಫ್ಲ್ಯಾಟ್ ನಿಮ್ಮದು, ತಾರಸಿ ಯಾರದು?

ಕರ್ನಾಟಕದಲ್ಲಿ ಅಪಾರ್ಟ್‌ಮೆಂಟ್ ಮಾಲೀಕತ್ವಕ್ಕೆಂದೇ 1972ರ ಕಾಯ್ದೆಯೊಂದಿದೆ. ಆದರೆ ಅದು ತಾನಾಗಿ ನಿಮ್ಮ ಕಟ್ಟಡಕ್ಕೆ ಅನ್ವಯಿಸುವುದಿಲ್ಲ! ಆಸ್ತಿಯನ್ನು ಕಾಯ್ದೆಗೆ ಒಳಪಡಿಸುವ ‘ಡೀಡ್ ಆಫ್ ಡಿಕ್ಲರೇಷನ್’ ಬರೆದು, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಸಂಘ ಕಟ್ಟಿ ಗೇಟಿಗೆ ಬೋರ್ಡು ಹಾಕಿದ ಮಾತ್ರಕ್ಕೆ ಈ ಕಾಯ್ದೆಯ ರಕ್ಷಣೆ ಸಿಗದು.

ಈ ಕಾಯ್ದೆಯಡಿ ಫ್ಲ್ಯಾಟಿನ ಜೊತೆಗೆ ನೆಲ, ಅಡಿಪಾಯ, ಮೆಟ್ಟಿಲು, ತಾರಸಿ, ಲಿಫ್ಟ್ ಎಲ್ಲದರಲ್ಲೂ ನಿಮಗೆ ಅವಿಭಾಜ್ಯ ಪಾಲಿದೆ. ಆ ಪಾಲನ್ನಷ್ಟೇ ಬೇರೆ ಮಾಡಿ ಮಾರುವಂತಿಲ್ಲ; ಭಾಗ ಮಾಡಿಕೊಡಿ ಎಂದು ದಾವೆ ಹೂಡುವಂತೆಯೂ ಇಲ್ಲ. ಇದಕ್ಕೊಂದು ವಿಚಿತ್ರ ಅಪವಾದವುಂಟು: ಕಟ್ಟಡ ನಾಶವಾಗಿ, 60 ದಿನಗಳೊಳಗೆ ಅಸೋಸಿಯೇಷನ್ ಮತ್ತೆ ಕಟ್ಟುವ ತೀರ್ಮಾನ ಮಾಡದಿದ್ದರೆ ಯಾವ ಮಾಲೀಕರಾದರೂ ಪಾಲು ಕೇಳಿ ಕೋರ್ಟಿಗೆ ಹೋಗಬಹುದು.

ಸ್ಟಿಲ್ಟ್ ಪಾರ್ಕಿಂಗನ್ನು, ಅಂದರೆ ಕಟ್ಟಡದಡಿ ಕಂಬಗಳ ನಡುವಿನ ಪಾರ್ಕಿಂಗ್ ಜಾಗವನ್ನು, ಬಿಲ್ಡರ್ ಪ್ರತ್ಯೇಕ ಆಸ್ತಿಯಂತೆ ಮಾರಬಹುದೇ? ಇಲ್ಲ. ಮುಂಬೈನ ಪಾಂಚಾಲಿ ಸೊಸೈಟಿ ಪ್ರಕರಣದಲ್ಲಿ, ಮಹಾರಾಷ್ಟ್ರದ ಕಾನೂನಿನಡಿ, ಸುಪ್ರೀಂ ಕೋರ್ಟ್ ಹೀಗೆಂದದ್ದು 2010ರ ಆಗಸ್ಟ್ 31ರಂದು. ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯಂತೂ ತೆರೆದ ಪಾರ್ಕಿಂಗನ್ನು ಸಾಮಾನ್ಯ ಪ್ರದೇಶವೆಂದೇ ಎಣಿಸುತ್ತದೆ.

ಸರಿಯಾಗಿ 11 ವರ್ಷಗಳ ನಂತರ, 2021ರ ಆಗಸ್ಟ್ 31ರಂದೇ, ಇನ್ನೂ ದೊಡ್ಡ ತೀರ್ಪು ಬಂತು. ನೋಯ್ಡಾದ ಎಮರಾಲ್ಡ್ ಕೋರ್ಟ್ ನಿವಾಸಿಗಳಿಗೆ ಮೂಲ ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿದ್ದ ಜಾಗದಲ್ಲಿ ಎರಡು ಗೋಪುರಗಳು ಏಳತೊಡಗಿದವು. ನಿವಾಸಿಗಳ ಸಂಘ 2012ರಲ್ಲಿ ಅಲಹಾಬಾದ್ ಹೈಕೋರ್ಟಿನ ಮೆಟ್ಟಿಲೇರಿತು, 2014ರಲ್ಲಿ ಗೆದ್ದಿತು, ಸುಪ್ರೀಂ ಕೋರ್ಟಿನಲ್ಲೂ ಗೆದ್ದಿತು. ಕಟ್ಟಡಗಳ ನಡುವೆ ಬಿಡಬೇಕಾದ ಅಂತರ ಬಿಟ್ಟಿರಲಿಲ್ಲ, ಜಾಗದಲ್ಲಿ ಪಾಲಿದ್ದ ಮಾಲೀಕರ ಒಪ್ಪಿಗೆಯನ್ನೂ ಪಡೆದಿರಲಿಲ್ಲ. ಕುತುಬ್ ಮಿನಾರಿಗಿಂತ ಎತ್ತರದ ಆ ಅವಳಿ ಗೋಪುರಗಳನ್ನು 2022ರ ಆಗಸ್ಟ್ 28ರಂದು ಸುಮಾರು 3,700 ಕಿಲೋ ಸ್ಫೋಟಕ ಬಳಸಿ ನೆಲಸಮ ಮಾಡಲಾಯಿತು. ಸಂಘಕ್ಕೆ 2 ಕೋಟಿ ರೂಪಾಯಿ ಕೊಡುವಂತೆಯೂ ಬಿಲ್ಡರ್‌ಗೆ ಆದೇಶವಾಗಿತ್ತು. ಸಾಮಾನ್ಯ ನಿವಾಸಿಗಳು ಪಟ್ಟು ಬಿಡದೆ ನಿಂತರೆ ಏನಾಗಬಹುದು ಎಂಬುದಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಾಣದು.

ಹಸ್ತಾಂತರವಾದ 5 ವರ್ಷಗಳೊಳಗೆ ಕಟ್ಟಡದಲ್ಲಿ ದೋಷ ಅಥವಾ ಕಳಪೆ ಕೆಲಸ ಕಂಡುಬಂದು ದೂರು ಕೊಟ್ಟರೆ, ರೇರಾ ಪ್ರಕಾರ ಬಿಲ್ಡರ್ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ದೂರು ಬರಹದಲ್ಲಿರಲಿ.

“ನಾವು ನೆಲಮಹಡಿಯವರು, ಲಿಫ್ಟಿನ ಖರ್ಚು ನಮಗೇಕೆ?” ಮೀಟಿಂಗುಗಳಲ್ಲಿ ಈ ಮಾತು ಏಳದ ಅಪಾರ್ಟ್‌ಮೆಂಟೇ ಇಲ್ಲವೇನೋ. ಸಾಮಾನ್ಯ ಸೌಲಭ್ಯವನ್ನು ಬಳಸುವುದಿಲ್ಲ ಎಂದ ಮಾತ್ರಕ್ಕೆ ಅದರ ಖರ್ಚಿನ ಪಾಲಿನಿಂದ ಬಿಡುಗಡೆಯಿಲ್ಲ ಎನ್ನುತ್ತದೆ 1972ರ ಕಾಯ್ದೆ. ಕಟ್ಟದ ಮೇಂಟೆನೆನ್ಸ್ ಬಾಕಿ ಆ ಫ್ಲ್ಯಾಟಿನ ಮೇಲೇ ಋಣಭಾರವಾಗಿ ಕೂರುತ್ತದೆ.

ಫ್ಲ್ಯಾಟ್ ಕೈಬದಲಾದರೆ? ಹಳೇ ಬಾಕಿಗೆ ಮಾರಿದವರ ಜೊತೆ ಕೊಂಡವರೂ ಹೊಣೆ. ಆದರೆ ಬಾಕಿ ಎಷ್ಟಿದೆಯೆಂದು ಅಸೋಸಿಯೇಷನ್ನಿನಿಂದ ಲೆಕ್ಕಪತ್ರ ಕೇಳುವ ಹಕ್ಕು ಕೊಳ್ಳುವವರಿಗಿದೆ. ಅದರಲ್ಲಿ ನಮೂದಾದ ಮೊತ್ತಕ್ಕಿಂತ ಹೆಚ್ಚಿಗೆ ಅವರು ಕಟ್ಟಬೇಕಿಲ್ಲ. ಹಳೆಯ ಫ್ಲ್ಯಾಟ್ ಕೊಳ್ಳುವ ಯೋಚನೆಯಲ್ಲಿದ್ದರೆ, ಅಡ್ವಾನ್ಸ್ ಕೊಡುವ ಮೊದಲೇ ಆ ಪತ್ರ ಕೇಳಿ ಪಡೆಯಿರಿ.