ದೂರದ ವಿಮಾನದಲ್ಲಿ ಯಾವ ಸೀಟು?

ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊ ಸುಮಾರು 14,000 ಕಿಲೋಮೀಟರ್ ದೂರ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ನೇರ ಹಾರಾಟ ಆರಂಭಿಸಿದಾಗ, ಕ್ಯಾಪ್ಟನ್ ಝೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿನಿಂದ ವಿಮಾನ ಹಾರಿಸಿಕೊಂಡು ಬಂದು ಕೆಂಪೇಗೌಡ ನಿಲ್ದಾಣದಲ್ಲಿ ಇಳಿಸಿತು. ಎಲ್ಲೂ ನಿಲ್ಲದೆ ಹಾರಿದರೂ ಈ ದಾರಿಗೆ ಹದಿನಾರು ಹದಿನೇಳು ಗಂಟೆ ಬೇಕು. ದುಬೈ, ದೋಹಾ, ಫ್ರಾಂಕ್‌ಫರ್ಟ್ ಅಥವಾ ಲಂಡನ್‌ನಲ್ಲಿ ವಿಮಾನ ಬದಲಿಸಿ ಹೋಗುವವರಿಗೆ ಮನೆ ಬಿಟ್ಟು ಇನ್ನೊಂದು ಮನೆ ಸೇರುವ ಹೊತ್ತಿಗೆ ಒಂದು ಹಗಲು, ಒಂದು ರಾತ್ರಿ ಕಳೆದಿರುತ್ತದೆ. ಇಷ್ಟು ಹೊತ್ತು ಕೂರುವ ಸೀಟು ಯಾವುದು ಎಂಬುದರ ಮೇಲೆ ರಜೆಯ ಖರ್ಚು ಮಾತ್ರವಲ್ಲ, ಅಲ್ಲಿಗೆ ಹೋದ ಮೇಲಿನ ಮೊದಲ ಎರಡು ಮೂರು ದಿನಗಳ ಹುಮ್ಮಸ್ಸೂ ನಿಂತಿದೆ.

ವಿಮಾನದೊಳಗಿನ ದರ್ಜೆಗಳು ಒಮ್ಮೆಲೇ ಹುಟ್ಟಿದವಲ್ಲ. ಆರಂಭದ ಕಾಲದಲ್ಲಿ ಸಾಗರ ದಾಟುವ ವಿಮಾನವೆಂದರೆ ಉಳ್ಳವರ ಸವಾರಿ. 1952ರಲ್ಲಿ ಅಟ್ಲಾಂಟಿಕ್ ದಾರಿಯಲ್ಲಿ ಅಗ್ಗದ ‘ಟೂರಿಸ್ಟ್’ ದರ ಬಂತು, 1958ರಲ್ಲಿ ಇನ್ನೂ ಅಗ್ಗದ ‘ಎಕಾನಮಿ’ ಸೇರಿತು. 1970ರ ದಶಕದ ಕೊನೆಯಲ್ಲಿ ರಿಯಾಯಿತಿ ಟಿಕೆಟ್‌ಗಳು ಹೆಚ್ಚಾದಂತೆ, ಪೂರ್ತಿ ದರ ಕೊಟ್ಟು ಕೆಲಸದ ಮೇಲೆ ಓಡಾಡುವವರು ತಮ್ಮ ಪಕ್ಕದಲ್ಲೇ ಅರ್ಧ ದರದವರು ಕೂತಿರುವುದನ್ನು ಕಂಡು ಗೊಣಗತೊಡಗಿದರು. ಅವರನ್ನು ಬೇರೆ ಕೂರಿಸಲು ಮಾಡಿದ ಏರ್ಪಾಡೇ ಬಿಸಿನೆಸ್ ಕ್ಲಾಸ್. 1990ರ ದಶಕದ ಆರಂಭದಲ್ಲಿ ತೈವಾನಿನ ಇವಾ ಏರ್ ಮತ್ತು ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ಸಂಸ್ಥೆಗಳು ಇವೆರಡರ ನಡುವೆ ಪ್ರೀಮಿಯಂ ಎಕಾನಮಿ ತಂದವು. ನಿಜವಾದ ತಿರುವು ಬಂದದ್ದು 2000ದಲ್ಲಿ. ಆ ವರ್ಷ ಬ್ರಿಟಿಷ್ ಏರ್‌ವೇಸ್ ತನ್ನ ಬಿಸಿನೆಸ್ ಕ್ಲಾಸಿನಲ್ಲಿ ಪೂರ್ತಿ ಮಲಗುವ ಹಾಸಿಗೆ ಹಾಕಿತು. ಉಳಿದ ಸಂಸ್ಥೆಗಳು ಹಿಂಬಾಲಿಸದೆ ವಿಧಿ ಇರಲಿಲ್ಲ. ಅಂದಿನಿಂದ ದೂರದ ಹಾರಾಟದಲ್ಲಿ ಮುಖ್ಯ ವ್ಯತ್ಯಾಸ ಒಂದೇ: ರಾತ್ರಿ ಕೂತು ಕಳೆಯುವುದೋ, ಮಲಗಿ ಕಳೆಯುವುದೋ. ಊಟದ ಬಟ್ಟಲು, ಪಾನೀಯದ ಪಟ್ಟಿ, ಲೌಂಜಿನ ಸೋಫಾ ಇವೆಲ್ಲ ಆಮೇಲಿನ ಮಾತು.

ಎಕಾನಮಿ ದರ್ಜೆಯಲ್ಲಿ ಒಂದು ಸಾಲಿಗೂ ಮುಂದಿನ ಸಾಲಿಗೂ ಇರುವ ಅಂತರ, ಅಂದರೆ ಪಿಚ್, ಸಾಮಾನ್ಯವಾಗಿ 30ರಿಂದ 32 ಇಂಚು. ಅಗಲದ ಲೆಕ್ಕ ವಿಮಾನದಿಂದ ವಿಮಾನಕ್ಕೆ ಬದಲಾಗುತ್ತದೆ. ಬೋಯಿಂಗ್ 777ರಲ್ಲಿ ಮೊದಲೆಲ್ಲ ಸಾಲಿಗೆ ಒಂಬತ್ತು ಸೀಟು ಹಾಕುತ್ತಿದ್ದರು. ಈಗ ಬಹುತೇಕ ಸಂಸ್ಥೆಗಳು ಅದೇ ಅಗಲದಲ್ಲಿ 3-4-3ರಂತೆ ಹತ್ತು ಸೀಟು ಕೂರಿಸಿವೆ. ಬೋಯಿಂಗ್ 787ರಲ್ಲಿ ಒಂಬತ್ತು ಸೀಟು, ಒಂದೊಂದೂ ಸುಮಾರು 17 ಇಂಚು. ಏರ್‌ಬಸ್ ಎ350ರಲ್ಲಿ ಅದೇ ಒಂಬತ್ತು ಸೀಟು ಸುಮಾರು 18 ಇಂಚಿನವು. ಒಂದು ಇಂಚು ಅಂಗಡಿಯ ಅಳತೆಪಟ್ಟಿಯಲ್ಲಿ ಅಲ್ಪ. ಹನ್ನೆರಡು ಗಂಟೆ ಪಕ್ಕದವರ ಮೊಣಕೈ ತಾಗಿಸಿಕೊಂಡು ಕೂತವರಿಗೆ ಅಲ್ಪವಲ್ಲ. ದಂಪತಿಗೆ ಹೇಳಿಮಾಡಿಸಿದ್ದು ಏರ್‌ಬಸ್ ಎ330. ಅದರಲ್ಲಿ 2-4-2 ಜೋಡಣೆ ಇರುವುದರಿಂದ ಕಿಟಕಿ ಬದಿಯ ಎರಡು ಸೀಟು ಇಬ್ಬರಿಗೇ ಸಿಗುತ್ತವೆ, ಎದ್ದು ಹೋಗಲು ಅಪರಿಚಿತರನ್ನು ಎಬ್ಬಿಸಬೇಕಿಲ್ಲ. ಟಿಕೆಟ್ ಕೊಳ್ಳುವಾಗ ಯಾವ ವಿಮಾನ ಎಂಬುದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಎರಡು ಸಂಸ್ಥೆಗಳ ದರ ಹತ್ತಿರ ಹತ್ತಿರ ಇದ್ದರೆ ಆ ಸಣ್ಣ ಅಕ್ಷರ ನೋಡಿಯೇ ಆರಿಸಬೇಕು.

ಎಕಾನಮಿಯೊಳಗೂ ಮೇಲು ಕೀಳುಗಳಿವೆ. ತುರ್ತು ಬಾಗಿಲ ಸಾಲಿನಲ್ಲಿ ಕಾಲು ಚಾಚಲು ಧಾರಾಳ ಜಾಗ, ಆದರೆ ಮಕ್ಕಳಿಗೆ, ಗರ್ಭಿಣಿಯರಿಗೆ, ನಡೆಯಲು ನೆರವು ಬೇಕಾದವರಿಗೆ ಅಲ್ಲಿ ಕೂರುವ ಅವಕಾಶವಿಲ್ಲ. ವಿಭಾಗದ ಗೋಡೆಗೆ ಎದುರಾದ ಮೊದಲ ಸಾಲಿನಲ್ಲಿ ಕೈಗೂಸಿನ ತೊಟ್ಟಿಲು ಹಾಕುವ ಕೊಕ್ಕೆಗಳಿರುತ್ತವೆ; ಕೂಸಿನೊಂದಿಗೆ ಹೋಗುವವರು ಟಿಕೆಟ್ ಕೊಂಡ ದಿನವೇ ಅದನ್ನು ಕೇಳಿಡಬೇಕು. ಕೂಸಿಲ್ಲದವರಿಗೆ ಆ ಸಾಲು ಅಷ್ಟೇನೂ ಹಿತವಲ್ಲ. ಊಟದ ಹಲಗೆ ಕೈಯಾಸರೆಯೊಳಗೆ ಮಡಚಿರುವುದರಿಂದ ಸೀಟು ಇಕ್ಕಟ್ಟು, ಕಾಲ ಬಳಿ ಚೀಲ ಇಡಲು ಜಾಗವಿಲ್ಲ. ಶೌಚಾಲಯದ ಪಕ್ಕದ ಸಾಲು, ಹಿಂದಕ್ಕೆ ಒರಗದ ಕೊನೆಯ ಸಾಲು, ಇವು ಯಾರಿಗೂ ಬೇಡವಾದವು. ಸೀಟಿಗೆ ಬೇರೆ ಹಣ ಕೇಳುವ ಸಂಸ್ಥೆಗಳಲ್ಲೂ ರಾತ್ರಿಯ ಉದ್ದ ಹಾರಾಟಕ್ಕೆ ಆ ಹಣ ಕೊಡುವುದು ಲಾಭವೇ.

ಪ್ರೀಮಿಯಂ ಎಕಾನಮಿಯ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ಹೆಸರು ಕೇಳಿದವರು ಅದನ್ನು ಬಿಸಿನೆಸ್ ಕ್ಲಾಸಿನ ಅರ್ಧದಷ್ಟು ಸುಖ ಎಂದುಕೊಳ್ಳುತ್ತಾರೆ. ಅಲ್ಲಿ ಸಿಗುವುದು 38 ಇಂಚಿನ ಆಸುಪಾಸಿನ ಅಂತರ, ಸ್ವಲ್ಪ ಹೆಚ್ಚು ಅಗಲ, ಹೆಚ್ಚು ಒರಗುವ ಬೆನ್ನು, ಕಾಲಿಗೊಂದು ಆಸರೆ. ಮಲಗುವ ಹಾಸಿಗೆ ಇಲ್ಲ. ನಮ್ಮ ರಾಜ್ಯ ಸಾರಿಗೆಯ ರಾತ್ರಿ ಬಸ್ಸುಗಳನ್ನು ಬಲ್ಲವರು ಐರಾವತಕ್ಕೂ ಅಂಬಾರಿ ಸ್ಲೀಪರ್‌ಗೂ ಇರುವ ವ್ಯತ್ಯಾಸ ನೆನೆದರೆ ಸಾಕು. ಪ್ರೀಮಿಯಂ ಎಕಾನಮಿ ಐರಾವತದ ಕಡೆಯದು. ಹಗಲು ಹಾರಾಟಕ್ಕೆ, ಎತ್ತರದವರಿಗೆ, ಮಂಡಿನೋವಿನವರಿಗೆ ಅದು ಕೊಟ್ಟ ಹಣಕ್ಕೆ ನ್ಯಾಯ ಒದಗಿಸುತ್ತದೆ. ರಾತ್ರಿಯ ಗಟ್ಟಿ ನಿದ್ದೆಗೆಂದು ಕೊಂಡವರಿಗೆ ನಿರಾಸೆಯೇ. ಈ ದರ್ಜೆ ಎಷ್ಟು ಬೇರೂರಿದೆ ಎಂಬುದಕ್ಕೆ ಸಿಂಗಪುರ–ನ್ಯೂಯಾರ್ಕ್ ದಾರಿಯೇ ಸಾಕ್ಷಿ. 15,300 ಕಿಲೋಮೀಟರಿಗೂ ಮೀರಿದ, ಹದಿನೆಂಟು ಗಂಟೆ ದಾಟುವ ಈ ಹಾರಾಟಕ್ಕೆ ಸಿಂಗಪುರ ಏರ್‌ಲೈನ್ಸ್ ಬಳಸುವ ಎ350 ವಿಮಾನದಲ್ಲಿ ಇರುವುದೇ 161 ಸೀಟು: 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ. ಸಾಮಾನ್ಯ ಎಕಾನಮಿ ಇಲ್ಲವೇ ಇಲ್ಲ. ಅಷ್ಟು ದೂರಕ್ಕೆ ಹೊರುವ ಇಂಧನವೇ ಭಾರೀ ತೂಕವಾಗುವುದರಿಂದ, ಕಡಿಮೆ ಜನರನ್ನು ಹೆಚ್ಚು ದರಕ್ಕೆ ಕೊಂಡೊಯ್ಯುವುದೇ ಅದರ ಲೆಕ್ಕಾಚಾರ.

ಬಿಸಿನೆಸ್ ಕ್ಲಾಸಿನ ಹೆಸರು ಎಲ್ಲ ಕಡೆ ಒಂದೇ ಆದರೂ ವಸ್ತು ಒಂದೇ ಅಲ್ಲ. 1-2-1 ಜೋಡಣೆಯಿದ್ದರೆ ಪ್ರತಿಯೊಬ್ಬರಿಗೂ ನೇರ ಓಣಿ ಸಿಗುತ್ತದೆ. 2-2-2 ಇದ್ದರೆ ಕಿಟಕಿಯವರು ಮಲಗಿದವರ ಕಾಲು ದಾಟಿಯೇ ಶೌಚಾಲಯಕ್ಕೆ ಹೋಗಬೇಕು. ಕತಾರ್ ಏರ್‌ವೇಸ್ 2017ರಲ್ಲಿ ತಂದ ಕ್ಯೂಸೂಟ್‌ನಲ್ಲಿ ಸೀಟಿಗೆ ಬಾಗಿಲೇ ಇದೆ. ಅದೇ ಹೊತ್ತಿಗೆ, ಯುರೋಪಿನೊಳಗಿನ ಸಣ್ಣ ಹಾರಾಟಗಳಲ್ಲಿ ಬಿಸಿನೆಸ್ ಎಂದರೆ ಎಕಾನಮಿಯ ಸೀಟೇ. ನಡುವಿನದನ್ನು ಖಾಲಿ ಬಿಟ್ಟು, ಮುಂದೊಂದು ಪರದೆ ಎಳೆದಿರುತ್ತಾರೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ರೋಮ್‌ಗೆ ಬಿಸಿನೆಸ್ ಟಿಕೆಟ್ ಕೊಂಡವರಿಗೆ ಹಾಸಿಗೆ ಸಿಗುವುದು ಮೊದಲ ಭಾಗದಲ್ಲಿ ಮಾತ್ರ. ಫಸ್ಟ್ ಕ್ಲಾಸ್ ಈಗ ಕೆಲವೇ ಸಂಸ್ಥೆಗಳಲ್ಲಿ ಉಳಿದಿದೆ. ಎಮಿರೇಟ್ಸ್ 2022ರ ಅಕ್ಟೋಬರಿನಲ್ಲಿ ಬೆಂಗಳೂರಿಗೂ ತಂದ ಎರಡಂತಸ್ತಿನ ಎ380ರಲ್ಲಿ ಫಸ್ಟ್ ಕ್ಲಾಸಿನವರಿಗೆ ಸ್ನಾನದ ಕೋಣೆಯೂ ಉಂಟು. ಕುಟುಂಬದ ರಜೆಯ ಲೆಕ್ಕದಲ್ಲಿ ಇದನ್ನು ಬದಿಗಿಡಬಹುದು.

ಇಲ್ಲಿಂದ ಮುಂದೆ ಯೋಜನೆಯ ಮಾತು. ಒಂದು ಪ್ರಯಾಣವನ್ನು ಇಡಿಯಾಗಿ ಒಂದೇ ದರ್ಜೆಯಲ್ಲಿ ಮಾಡಬೇಕೆಂಬ ನಿಯಮವಿಲ್ಲ. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆ, ಅಲ್ಲಿಂದ ನ್ಯೂಯಾರ್ಕ್‌ಗೆ ಹದಿನಾಲ್ಕು. ಚಿಕ್ಕ ಭಾಗವನ್ನು ಎಕಾನಮಿಯಲ್ಲಿ ಕೂತು, ದೊಡ್ಡ ಭಾಗಕ್ಕೆ ಮಾತ್ರ ಹಾಸಿಗೆ ಕೊಳ್ಳುವುದು ಜಾಣತನ. ಸಂಸ್ಥೆಯ ಜಾಲತಾಣ ಈ ಬೆರಕೆ ಟಿಕೆಟ್ ತೋರಿಸದಿದ್ದರೆ ಟ್ರಾವೆಲ್ ಏಜೆಂಟರನ್ನು ಕೇಳಬಹುದು. ಹೋಗುವಾಗ ಒಂದು, ಬರುವಾಗ ಒಂದು ದರ್ಜೆ ಇಟ್ಟುಕೊಳ್ಳಲೂ ಅಡ್ಡಿಯಿಲ್ಲ. ಮಕ್ಕಳನ್ನು ನೋಡಲು ಕ್ಯಾಲಿಫೋರ್ನಿಯಾಕ್ಕೋ ನ್ಯೂಜೆರ್ಸಿಗೋ ಹೊರಡುವ ಹಿರಿಯರ ವಿಷಯದಲ್ಲಿ ಈ ಲೆಕ್ಕಕ್ಕೆ ಹೆಚ್ಚು ಬೆಲೆ. ಗಾಲಿಕುರ್ಚಿಯ ನೆರವು ಬೇಕೆಂದರೆ ದುಬಾರಿ ದರ್ಜೆ ಬೇಕಿಲ್ಲ, 48 ಗಂಟೆ ಮುಂಚೆ ತಿಳಿಸಿದರೆ ಎಕಾನಮಿಯವರಿಗೂ ಸಿಗುತ್ತದೆ. ಉಳಿಸಿದ ಹಣವಿದ್ದರೆ ಅದು ಅಪ್ಪ ಅಮ್ಮನ ಅತಿ ಉದ್ದದ ರಾತ್ರಿಗೆ ಹೋಗಲಿ.

ದರದ ಜೊತೆ ತೆರಿಗೆಯನ್ನೂ ಕೂಡಿಸಿ ನೋಡಬೇಕು. ಭಾರತದಲ್ಲಿ ಎಕಾನಮಿ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 5. ಉಳಿದೆಲ್ಲ ದರ್ಜೆಗಳದ್ದು 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು 18 ಆಗಿದೆ; ಪ್ರೀಮಿಯಂ ಎಕಾನಮಿಯೂ ಈ ಗುಂಪಿಗೇ ಸೇರುತ್ತದೆ. ಲಂಡನ್‌ನಿಂದ ಮರಳುವವರಿಗೆ ಇನ್ನೊಂದು ಹೊರೆ. ಬ್ರಿಟನ್ನಿನ ಪ್ರಯಾಣಿಕ ಸುಂಕ ಎಕಾನಮಿಗೆ ಒಂದು, ಮೇಲಿನ ದರ್ಜೆಗಳಿಗೆ ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಇನ್ನು ಒಂದೇ ದರ್ಜೆಯೊಳಗೇ ಹತ್ತಾರು ದರಗಳಿರುತ್ತವೆ. ಅತಿ ಅಗ್ಗದ ಬಿಸಿನೆಸ್ ಟಿಕೆಟ್‌ನಲ್ಲಿ ಕೆಲವು ಸಂಸ್ಥೆಗಳು ಲೌಂಜನ್ನೂ ಸೀಟು ಆಯ್ಕೆಯನ್ನೂ ಕೊಡುವುದಿಲ್ಲ. ಅತಿ ಅಗ್ಗದ ಎಕಾನಮಿಯಲ್ಲಿ ದಿನಾಂಕ ಬದಲಿಸಿದರೆ ದಂಡ ಭಾರೀ, ಲಗೇಜೂ ಕಡಿಮೆ. ಅಮೆರಿಕದ ದಾರಿಯಲ್ಲಿ ಎಕಾನಮಿಗೆ ಸಾಮಾನ್ಯವಾಗಿ 23 ಕೆಜಿಯ ಎರಡು ಪೆಟ್ಟಿಗೆ, ಬಿಸಿನೆಸ್‌ಗೆ 32 ಕೆಜಿಯವು. ಸಾಮಾನು ಎತ್ತುವ ಕಾರ್ಮಿಕರ ಬೆನ್ನಿನ ರಕ್ಷಣೆಗಾಗಿ ಒಂದೇ ಪೆಟ್ಟಿಗೆ 32 ಕೆಜಿ ಮೀರುವಂತಿಲ್ಲ. ದರ ಏರುವುದು ಡಿಸೆಂಬರಿನಲ್ಲಿ ಮತ್ತು ಶಾಲೆಗಳಿಗೆ ಬೇಸಿಗೆ ರಜೆ ಬಂದಾಗ. ಏಪ್ರಿಲ್ ಮೇ ತಿಂಗಳಿಗೆ ಟಿಕೆಟ್ ಬೇಕೆನ್ನುವವರು ಯುಗಾದಿಯವರೆಗೆ ಕಾಯಬಾರದು.

ವಿಮಾನ ಬದಲಿಸುವ ಊರಿನ ವೀಸಾ ನಿಯಮವನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಬೇಕು. ಅಮೆರಿಕದಲ್ಲಿ ಬರಿದೇ ವಿಮಾನ ಬದಲಿಸಲೂ ಭಾರತೀಯರಿಗೆ ವೀಸಾ ಬೇಕು. ಮೆಕ್ಸಿಕೊಗೆ ಹೋಗುವವರು ಅಗ್ಗವೆಂದು ನ್ಯೂಯಾರ್ಕ್ ಮೂಲಕ ಟಿಕೆಟ್ ಕೊಂಡರೆ ಬೆಂಗಳೂರಿನಲ್ಲೇ ತಡೆಯುತ್ತಾರೆ. ಅನುಕೂಲದ ಉದಾಹರಣೆಯೂ ಇದೆ: ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ವಲಸೆ ತಪಾಸಣಾ ಕೇಂದ್ರವಿದ್ದು, ಅಲ್ಲಿಂದ ಅಮೆರಿಕಕ್ಕೆ ಹೋಗುವವರ ತಪಾಸಣೆ ಅಲ್ಲೇ ಮುಗಿಯುತ್ತದೆ, ಇಳಿದ ಮೇಲೆ ಸಾಲಿನಲ್ಲಿ ನಿಲ್ಲಬೇಕಿಲ್ಲ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಊಟದ ಪಟ್ಟಿಯಲ್ಲಿ ‘ಹಿಂದೂ ಮೀಲ್’ ಎಂದರೆ ಗೋಮಾಂಸವಿಲ್ಲದ ಮಾಂಸಾಹಾರ. ಅನ್ನ, ಸಾರು ಪಲ್ಯದ ಹತ್ತಿರದ ಊಟ ಬೇಕೆಂದರೆ ‘ಏಷ್ಯನ್ ವೆಜಿಟೇರಿಯನ್’, ಅಂದರೆ ಎವಿಎಂಎಲ್ ಆರಿಸಬೇಕು. ಈರುಳ್ಳಿ ಬೆಳ್ಳುಳ್ಳಿ ಬೇಡವೆಂದರೆ ಜೈನ ಊಟ. ‘ಲ್ಯಾಕ್ಟೊ-ಓವೊ’ ಎಂದರೆ ಮೊಟ್ಟೆ ಸೇರಿದ್ದು. ಯಾವುದೇ ದರ್ಜೆಯಾದರೂ ಇದನ್ನು ಒಂದೆರಡು ದಿನ ಮೊದಲೇ ನಮೂದಿಸಬೇಕು.

ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು. 787 ಮತ್ತು ಎ350ರಲ್ಲಿ ಅದನ್ನು ಆರು ಸಾವಿರದ ಮಟ್ಟದಲ್ಲಿ ಇಡುತ್ತಾರೆ, ಹೀಗಾಗಿ ಆಯಾಸ ತುಸು ಕಡಿಮೆ. ತೇವಾಂಶ ಶೇ 20ಕ್ಕಿಂತ ಕೆಳಗಿಳಿಯುವುದರಿಂದ ಗಂಟಲು, ಕಣ್ಣು ಒಣಗುತ್ತವೆ. ಆಗಾಗ ನೀರು ಕುಡಿಯಬೇಕು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ವರದಿ ಕೊಟ್ಟಿತು. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ದುಪ್ಪಟ್ಟಾಗುತ್ತದೆ, ಆದರೂ ಒಟ್ಟಾರೆ ಆರು ಸಾವಿರದಲ್ಲಿ ಒಬ್ಬರಿಗೆ ಎಂದು ಅದು ಹೇಳಿತು. ಇದನ್ನು ‘ಎಕಾನಮಿ ಕ್ಲಾಸ್ ರೋಗ’ ಎನ್ನುವುದು ಸರಿಯಲ್ಲ. ಅಲುಗಾಡದೆ ಕೂತರೆ ಬಸ್ಸು, ರೈಲು, ಕಾರಿನಲ್ಲೂ ಇದೇ ಕಥೆ, ಬಿಸಿನೆಸ್ ಸೀಟಿನಲ್ಲೂ ಅದೇ. ಎರಡು ಗಂಟೆಗೊಮ್ಮೆ ಎದ್ದು ಓಣಿಯಲ್ಲಿ ನಡೆಯುವುದು, ಕೂತಲ್ಲೇ ಪಾದ ಆಡಿಸುವುದು ಎಲ್ಲರಿಗೂ ಬೇಕು. ಹೃದ್ರೋಗವಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ದೇಹದ ಗಡಿಯಾರ ಹೊಸ ಊರಿನ ಹೊತ್ತಿಗೆ ಹೊಂದಿಕೊಳ್ಳುವುದು ದಿನಕ್ಕೆ ಸುಮಾರು ಒಂದು ಗಂಟೆಯ ಲೆಕ್ಕದಲ್ಲಿ. ಪಶ್ಚಿಮಕ್ಕೆ ಹೋಗುವುದಕ್ಕಿಂತ ಪೂರ್ವಕ್ಕೆ ಬರುವುದೇ ಹೆಚ್ಚಿನವರಿಗೆ ಕಷ್ಟ. ಯುರೋಪಿನ ಪ್ರವಾಸಕ್ಕೆ ಒಂದೇ ಬದಿಗೆ ಹಾಸಿಗೆ ಕೊಳ್ಳುವಷ್ಟು ಹಣವಿರುವವರು ಇದನ್ನೂ, ಮರುದಿನ ಏನು ಕಾದಿದೆ ಎಂಬುದನ್ನೂ ನೋಡಿ ನಿರ್ಧರಿಸಬೇಕು. ಮರಳಿ ಬಂದ ಬೆಳಿಗ್ಗೆಯೇ ಕಚೇರಿಗೆ ಹೋಗಬೇಕಾದವರಿಗೆ ಬರುವ ರಾತ್ರಿಯ ನಿದ್ದೆಯೇ ಮುಖ್ಯ.

ಹಣ ಕೊಟ್ಟ ದರ್ಜೆ ಕೊನೆ ಗಳಿಗೆಯಲ್ಲಿ ಕೈತಪ್ಪುವುದೂ ಉಂಟು: ವಿಮಾನ ಬದಲಾಗುತ್ತದೆ, ಸೀಟು ಕೆಟ್ಟಿರುತ್ತದೆ, ಹೆಚ್ಚು ಟಿಕೆಟ್ ಮಾರಿರುತ್ತಾರೆ. ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 2023ರ ಫೆಬ್ರುವರಿ 15ರಿಂದ ಜಾರಿಗೆ ತಂದ ನಿಯಮದಂತೆ, ಪ್ರಯಾಣಿಕರ ಇಚ್ಛೆಗೆ ವಿರುದ್ಧವಾಗಿ ಕೆಳದರ್ಜೆಗೆ ಇಳಿಸಿದರೆ, ಅಂತರರಾಷ್ಟ್ರೀಯ ಹಾರಾಟದಲ್ಲಿ 1,500 ಕಿಲೋಮೀಟರಿನವರೆಗೆ ಟಿಕೆಟ್ ಹಣದ ಶೇ 30, 3,500ರವರೆಗೆ ಶೇ 50, ಅದಕ್ಕೂ ದೂರಕ್ಕೆ ಶೇ 75 ತೆರಿಗೆ ಸಮೇತ ಮರಳಿಸಬೇಕು. ಯುರೋಪಿನ ಒಕ್ಕೂಟದ ನಿಯಮದಲ್ಲೂ ದೂರಕ್ಕೆ ತಕ್ಕಂತೆ ಇದೇ ಶೇ 30, 50, 75ರ ಮೆಟ್ಟಿಲುಗಳಿವೆ. ಅಲ್ಲಿಂದ ಹೊರಡುವ ಎಲ್ಲ ವಿಮಾನಗಳಿಗೂ, ಅಲ್ಲಿಗೆ ಬರುವ ಯುರೋಪಿನ ಸಂಸ್ಥೆಗಳ ವಿಮಾನಗಳಿಗೂ ಅದು ಅನ್ವಯ. ಹೀಗಾದಾಗ ಕೌಂಟರಿನವರು ಕೊಡುವ ವೋಚರಿಗೆ ಅವಸರದಲ್ಲಿ ಒಪ್ಪಿ ಸಹಿ ಹಾಕಬಾರದು. ಮೊದಲಿನ ಟಿಕೆಟ್, ಹೊಸ ಬೋರ್ಡಿಂಗ್ ಪಾಸ್ ಎರಡನ್ನೂ ಇಟ್ಟುಕೊಂಡು, ಇಳಿಸಿದ ಕಾರಣವನ್ನು ಬರಹದಲ್ಲಿ ಪಡೆದು, ಸಂಸ್ಥೆಗೆ ಇಮೇಲ್ ಮೂಲಕ ಹಣ ಕೇಳಬೇಕು.