ಕಣದ ಮಟ್ಟಕ್ಕೆ ಲೇಸರ್ ಡಿಟೆಕ್ಟರ್: ಬಳಕೆ ಮತ್ತು ಪಾಲನೆ

ಕಣ ಹಾಕಿಸುವ, ಬಸಿಗಾಲುವೆ ತೆಗೆಸುವ ಕಾಲ ಬಂತೆಂದರೆ ಸದಸ್ಯ ಬಾಂಧವರಲ್ಲಿ ಅನೇಕರು ಕಛೇರಿಗೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: “ಲೇಸರ್ ಮಿಷನ್ ಬಾಡಿಗೆಗೆ ತಂದರೆ ಮಟ್ಟ ಸರಿಯಾಗಿ ಬರುತ್ತದೆಯೇ?” ಬರುತ್ತದೆ. ಆದರೆ ಮಿಷನ್ನಿನ ಜೊತೆ ಕೊಡುವ ಅಂಗೈಯಗಲದ ಪೆಟ್ಟಿಗೆ, ಅಂದರೆ ಡಿಟೆಕ್ಟರ್, ಏನು ಹೇಳುತ್ತದೆ ಮತ್ತು ಏನು ಹೇಳುವುದಿಲ್ಲ ಎಂಬುದು ತಿಳಿದಿರಬೇಕು. ಇದನ್ನು ನಾವು ಸ್ವಂತ ಖರ್ಚಿನಲ್ಲಿ ಕಲಿತವರಾದ್ದರಿಂದ ಬರೆಯುತ್ತಿದ್ದೇವೆ.

ಮಟ್ಟದ ವಿಚಾರ ನಮ್ಮ ಸೀಮೆಗೆ ಹೊಸದೇನಲ್ಲ. ಹದಿನೇಳನೆಯ ಶತಮಾನದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಆದ ಬಂಗಾರದೊಡ್ಡಿ ನಾಲೆ ಕಾವೇರಿಯ ನೀರನ್ನು ಕಾವೇರಿಯ ಕವಲಿನ ಮೇಲೆಯೇ ದಾಟಿಸಿ ಶ್ರೀರಂಗಪಟ್ಟಣಕ್ಕೆ ತಂದಿತು. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗದಲ್ಲಿ ಗುಡ್ಡವನ್ನೇ ತೂರಿ ಹೋಗುತ್ತದೆ. ಈ ಎರಡು ಕೆಲಸಗಳಾದಾಗ ಲೇಸರ್ ಎಂಬುದು ಹುಟ್ಟಿಯೇ ಇರಲಿಲ್ಲ; ಅದು ಬಂದದ್ದು 1960ರಲ್ಲಿ. ನಮ್ಮ ಮೇಸ್ತ್ರಿಗಳೂ ರಸಮಟ್ಟ, ದಾರ ಮತ್ತು ನೀರು ತುಂಬಿದ ಪಾರದರ್ಶಕ ಪೈಪು ಇಷ್ಟರಿಂದಲೇ ಮನೆ, ಕಣಗಳನ್ನು ಕಟ್ಟಿಕೊಟ್ಟಿದ್ದಾರೆ. ಲೇಸರಿನ ಲಾಭವೆಂದರೆ ವೇಗ, ಮತ್ತು ಒಬ್ಬನೇ ಆಳು ದೂರದಲ್ಲಿ ನಿಂತು ಮಟ್ಟ ನೋಡಬಹುದೆಂಬ ಅನುಕೂಲ.

ಮುಕ್ಕಾಲಿಯ ಮೇಲೆ ತಿರುಗುವ ಲೇಸರ್ ಒಂದೇ ಎತ್ತರದಲ್ಲಿ ಸುತ್ತಲೂ ಬೆಳಕಿನ ಗೆರೆ ಎಳೆಯುತ್ತದೆ. ನಮ್ಮ ಬಿಸಿಲಿನಲ್ಲಿ ಆ ಗೆರೆ ನಾಲ್ಕು ಮಾರು ದೂರಕ್ಕೇ ಕಣ್ಣಿಗೆ ಕಾಣದು. ಕಾಣದ್ದನ್ನು ಹಿಡಿಯುವುದು ಡಿಟೆಕ್ಟರಿನ ಕೆಲಸ. ಅದರ ಮುಖದಲ್ಲಿರುವ ಗಾಜಿನ ಕಿಂಡಿಯ ಹಿಂದೆ ಬೆಳಕನ್ನು ಗುರುತಿಸುವ ಸೂಕ್ಷ್ಮ ಬಿಲ್ಲೆಗಳಿವೆ. ಗೆರೆ ಕಿಂಡಿಯ ಮೇಲ್ಭಾಗಕ್ಕೆ ಬಿತ್ತೋ ಕೆಳಭಾಗಕ್ಕೆ ಬಿತ್ತೋ ಎಂಬುದನ್ನು ಹೋಲಿಸಿ ಬಾಣದ ಗುರುತು ತೋರಿಸುತ್ತದೆ, ಬಿಟ್ಟು ಬಿಟ್ಟು ಕೂಗುತ್ತದೆ. ಸರಿಯಾಗಿ ನಡುವೆ ಬಂದಾಗ ಒಂದೇ ಸಮನೆ ಕೂಗುತ್ತದೆ. ಇಷ್ಟೇ. ಲೇಸರ್ ಸಮಮಟ್ಟದಲ್ಲಿದೆಯೇ, ಕೋಲು ನೆಟ್ಟಗಿದೆಯೇ, ಡಿಟೆಕ್ಟರ್ ಕೋಲಿನ ಸರಿಯಾದ ಗುರುತಿನಲ್ಲಿ ಕೂತಿದೆಯೇ ಎಂಬ ಯಾವುದೂ ಅದಕ್ಕೆ ಗೊತ್ತಿಲ್ಲ.

ನಾಗಮಂಗಲದ ಕಡೆಯ ನಮ್ಮ ತೋಟದಲ್ಲಿ ಅಡಿಕೆ ಒಣಗಿಸಲು 60 ಅಡಿ ಉದ್ದದ ಕಾಂಕ್ರೀಟ್ ಕಣ ಹಾಕಿಸಿದಾಗ ಆದದ್ದನ್ನು ಹೇಳಬೇಕು. ನೂರಕ್ಕೆ ಒಂದರಂತೆ ಇಳಿಜಾರು ಎಂದು ನಿರ್ಧರಿಸಿದ್ದೆವು. ಅಂದರೆ ತುದಿಯಿಂದ ತುದಿಗೆ ಸುಮಾರು 18 ಸೆಂ.ಮೀ., ನಮ್ಮ ಲೆಕ್ಕದಲ್ಲಿ ಏಳು ಅಂಗುಲ. ಲೇಸರ್ ಗೆರೆ ಸಮವಾಗಿರುವುದರಿಂದ ನೆಲ ಇಳಿದಷ್ಟೂ ಡಿಟೆಕ್ಟರನ್ನು ಕೋಲಿನ ಮೇಲೆ ಏರಿಸುತ್ತ ಹೋಗಬೇಕು. ಮೂರು ಮೀಟರಿಗೆ ಮೂರು ಸೆಂ.ಮೀ. ಬೆಳಿಗ್ಗೆ ಅರ್ಧ ಕಣ ಚೆನ್ನಾಗಿಯೇ ಆಯಿತು. ಊಟದ ಹೊತ್ತಿಗೆ ಕೋಲನ್ನು ಮರಳಿನ ಗುಡ್ಡೆಯ ಮೇಲೆ ಮಲಗಿಸಿದರು. ಡಿಟೆಕ್ಟರನ್ನು ಕೋಲಿಗೆ ಕಚ್ಚಿಸುವ ಹಿಡಿಕೆಯ ತಿರುಪು ಸಡಿಲವಾಗಿತ್ತು. ಡಿಟೆಕ್ಟರ್ ಒಂದು ಅಂಗುಲ ಕೆಳಕ್ಕೆ ಜಾರಿತು. ಮಧ್ಯಾಹ್ನ ನಾವು ಕೋಲಿನ ಅಂಕಿ ಓದಲಿಲ್ಲ. “ಈಗಿರುವ ಜಾಗದಿಂದ ಮೂರು ಸೆಂ.ಮೀ. ಏರಿಸಿ” ಎನ್ನುತ್ತ ಹೋದೆವು. ಡಿಟೆಕ್ಟರ್ ಒಂದು ಅಂಗುಲ ಕೆಳಗಿದ್ದರೆ ಅದು ಗೆರೆಗೆ ಸಿಕ್ಕಲು ಕೋಲು ಒಂದು ಅಂಗುಲ ಮೇಲೇಳಬೇಕು, ನೆಲವೂ ಅಷ್ಟೇ ಏರಬೇಕು. ಮೇಸ್ತ್ರಿ ಎರಡು ಬಾರಿ ಹೇಳಿದರು: “ಸ್ವಾಮಿ, ಇಲ್ಲಿ ಏನೋ ಉಬ್ಬು ಬರ್ತಾ ಐತೆ.” ಮಿಷನ್ ಸುಳ್ಳು ಹೇಳುತ್ತದೆಯೇ ಎಂದು ಅವರ ಬಾಯಿ ಮುಚ್ಚಿಸಿದೆವು. ಅವರು ಕರಣೆಯಿಂದ ಆ ಉಬ್ಬನ್ನು ನಯವಾಗಿ ಸವರಿ ಮುಗಿಸಿದರು.

ಮೊದಲ ಮಳೆಗೆ ಗೊತ್ತಾಯಿತು. ನೂರಕ್ಕೆ ಒಂದು ಇಳಿಜಾರಿನಲ್ಲಿ ಒಂದು ಅಂಗುಲದ ಅಡ್ಡ ಬಂದರೆ ನೀರು ಹಿಂದಕ್ಕೆ ಎಂಟು ಅಡಿಯವರೆಗೆ ನಿಲ್ಲುತ್ತದೆ. ಕಣದ ನಟ್ಟನಡುವೆ ಅಡ್ಡಲಾಗಿ ಎಂಟು ಅಡಿ ಅಗಲದ ಕೆರೆ. ಮೇಲೆ ಟಾರ್ಪಾಲು ಹೊದಿಸಿದ್ದ ರಾಶಿ ಕೆಳಗಿನಿಂದ ನೆನೆದು ಬೂಸಲು ಹಿಡಿಯಿತು; ವ್ಯಾಪಾರದವರು ಕೈಯಲ್ಲಿ ಮುಟ್ಟಿ ನೋಡಿಯೇ ದರ ಇಳಿಸಿದರು. ಕಾಫಿ ಒಣಗಿಸುವವರಿಗೂ ಇದೇ ಗತಿ. ಒಮ್ಮೆ ಒಣಗಿದ ಬೀಜ ಮತ್ತೆ ನೆನೆದರೆ ಅದರ ವಾಸನೆ, ಬಣ್ಣ ಮೊದಲಿನಂತಾಗುವುದಿಲ್ಲ.

ಆದ್ದರಿಂದ ಮುಖ್ಯ ಮಾತು ಇದು. ಕೆಲಸದ ಸ್ಥಳದ ಹತ್ತಿರ ಅಲುಗದ ಒಂದು ಜಾಗದಲ್ಲಿ, ಮನೆಯ ಮೆಟ್ಟಿಲೋ ಬಾವಿಯ ಕಟ್ಟೆಯೋ ಯಾವುದಾದರೂ ಆಗಲಿ, ಬಣ್ಣದ ಗುರುತು ಹಾಕಿ. ಅದರ ಮೇಲೆ ಕೋಲಿಟ್ಟು ಡಿಟೆಕ್ಟರ್ ಒಂದೇ ಸಮನೆ ಕೂಗುವಾಗ ಕೋಲಿನ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿ. ಟೀ ಕುಡಿದು ಬಂದ ಮೇಲೆ, ಊಟವಾದ ಮೇಲೆ, ಮುಕ್ಕಾಲಿಗೆ ಯಾರಾದರೂ ತಾಗಿದ ಮೇಲೆ, ಸಂಜೆ ಕೆಲಸ ನಿಲ್ಲಿಸುವ ಮುಂಚೆ ಅದೇ ಗುರುತಿಗೆ ಹೋಗಿ ಅದೇ ಅಂಕಿ ಬರುತ್ತದೆಯೇ ನೋಡಿ. ಬಾರದಿದ್ದರೆ ಕಾಂಕ್ರೀಟ್ ಕಲಸುವುದನ್ನು ನಿಲ್ಲಿಸಿ. ಪ್ರತಿ ಏರಿಕೆಯನ್ನೂ ಕೋಲಿನ ಬುಡದಿಂದಲೇ ಓದಬೇಕು, ಹಿಂದಿನ ಜಾಗದಿಂದಲ್ಲ.

ಕೋಲು ವಾಲಬಾರದು. ಎರಡು ಮೀಟರ್ ಎತ್ತರದಲ್ಲಿ ಡಿಟೆಕ್ಟರ್ ಇದ್ದು ಕೋಲು ಐದು ಡಿಗ್ರಿ ವಾಲಿದರೆ 7-8 ಮಿ.ಮೀ. ತಪ್ಪು ಬರುತ್ತದೆ. ಅಗೆದ ಮಣ್ಣಿನಲ್ಲಿ ಮುಕ್ಕಾಲಿಯ ಕಾಲು ಕುಸಿಯುತ್ತದೆ. ಚಪ್ಪಡಿ ಕಲ್ಲಿನ ಮೇಲೆ ಇಡಿ. ಜಿಂಕ್ ಶೀಟು, ನಿಲ್ಲಿಸಿದ ಜೀಪಿನ ಗಾಜು, ಹಾಸಿದ ಪ್ಲಾಸ್ಟಿಕ್ ಇವುಗಳಿಂದ ಗೆರೆ ಪ್ರತಿಫಲಿಸಿದರೆ ಡಿಟೆಕ್ಟರ್ ಅದಕ್ಕೂ ಕೂಗುತ್ತದೆ. ನಿಖರತೆಯ ಗುಂಡಿ ಒತ್ತಿದರೆ ಸೂಕ್ಷ್ಮ, ಸಾಧಾರಣ ಎಂಬ ಎರಡು ಹಂತಗಳು ಬರುತ್ತವೆ. ಮಣ್ಣಿನ ಕೆಲಸಕ್ಕೆ ಸಾಧಾರಣ ಸಾಕು. ಸೂಕ್ಷ್ಮದಲ್ಲಿಟ್ಟುಕೊಂಡು ಗುದ್ದಲಿಯವನನ್ನು ಗೋಳಾಡಿಸಬೇಡಿ.

ಬಾಡಿಗೆಗೆ ತರುವಾಗ ಇದು ಆ ಲೇಸರಿನದೇ ಡಿಟೆಕ್ಟರೇ ಎಂದು ಕೇಳಿ. ಕೆಂಪು ಗೆರೆಗೆಂದು ಮಾಡಿದ್ದು ಹಸಿರು ಗೆರೆಯನ್ನು ಅನೇಕ ವೇಳೆ ಹಿಡಿಯುವುದಿಲ್ಲ. ಮನೆಯೊಳಗೆ ಟೈಲ್ಸ್ ಹಾಕುವವರು ತರುವ, ತಿರುಗದ ಗೆರೆ ಲೇಸರಿಗೆ ಬೇರೆಯೇ ಡಿಟೆಕ್ಟರ್ ಬೇಕು. ಆ ಲೇಸರಿನಲ್ಲಿ ಮಿಡಿತದ ಗುಂಡಿ ಇದ್ದು ಅದನ್ನು ಒತ್ತಿದ್ದರೆ ಮಾತ್ರ ಅದು ಕೇಳಿಸಿಕೊಳ್ಳುತ್ತದೆ.

ಲೇಸರನ್ನೂ ಪರೀಕ್ಷಿಸಿಯೇ ಹಣ ಕೊಡಿ. 30 ಮೀಟರ್ ದೂರದ ಗೋಡೆಯ ಮೇಲೆ ಡಿಟೆಕ್ಟರಿನಿಂದ ಮಟ್ಟ ಗುರುತಿಸಿ. ಮುಕ್ಕಾಲಿಯನ್ನು ಅಲುಗಿಸದೆ ಲೇಸರನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಕೂರಿಸಿ ಮತ್ತೆ ಗುರುತಿಸಿ. ಎರಡರ ಅಂತರದ ಅರ್ಧವೇ ಅದರ ದೋಷ. ಅಂತರ 6 ಮಿ.ಮೀ. ಆದರೆ ದೋಷ 3 ಮಿ.ಮೀ., ಅಂದರೆ ಹತ್ತು ಮೀಟರಿಗೆ ಒಂದು ಮಿ.ಮೀ. ಕಾಲು ಸುತ್ತು ತಿರುಗಿಸಿ ಇನ್ನೊಂದು ದಿಕ್ಕನ್ನೂ ಹೀಗೆಯೇ ನೋಡಬೇಕು. ದೋಷ ಹೆಚ್ಚಿದ್ದರೆ ಆ ಮಿಷನ್ ಬೇಡವೆನ್ನಿ. ಸ್ವಂತದ್ದಾದರೆ ರಿಪೇರಿಗೆ ಕಳಿಸಿ, ತಿರುಪು ಬಿಚ್ಚಬೇಡಿ.

ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ಅಡಿಕೆ ಇಟ್ಟವರಿಗೆ ಬಸಿಗಾಲುವೆಯೇ ಜೀವ. ನೀರು ನಿಂತ ನೆಲದಲ್ಲಿ ಅಡಿಕೆಯ ಬೇರು ಉಳಿಯದು. ತೋಟದೊಳಗೆ ಮರಗಳು ಗೆರೆಯನ್ನು ಅಡ್ಡಗಟ್ಟುವುದರಿಂದ ಲೇಸರನ್ನು ಸಾಲಿನ ನಡುವೆ ಕಾಲುವೆಯ ನೇರಕ್ಕೇ ಇಡಬೇಕು. 60 ಮೀಟರ್ ಕಾಲುವೆಗೆ 20 ಸೆಂ.ಮೀ. ಇಳಿತ ಬೇಕಾದರೆ ಪ್ರತಿ 15 ಮೀಟರಿಗೆ ಡಿಟೆಕ್ಟರ್ 5 ಸೆಂ.ಮೀ. ಏರಬೇಕು. ಆದರೆ ಮೊದಲು ಹೊರ ಹಳ್ಳದ ತಳದ ಅಂಕಿ ಓದಿ. ಹಳ್ಳವೇ ಎತ್ತರದಲ್ಲಿದ್ದರೆ ಕಾಲುವೆ ತೋಡಿ ಪ್ರಯೋಜನವಿಲ್ಲ. ಕೆ.ಆರ್.ಪೇಟೆ ಕಡೆಯ ಏರುತಗ್ಗಿನ ತೋಟಗಳಲ್ಲಿ ಈ ತೊಂದರೆ ಕಡಿಮೆ.

ಇನ್ನು ಪಾಲನೆ. ಕಿಂಡಿಯ ಮೇಲೆ ಸಿಮೆಂಟಿನ ಧೂಳು ಕೂತರೆ ಒಣ ಪಂಚೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಮೊದಲು ಊದಿ, ಬಳಿಕ ಒದ್ದೆ ಮೃದು ಬಟ್ಟೆಯಲ್ಲಿ ಒರೆಸಿ. ಪೆಟ್ರೋಲ್, ಥಿನ್ನರ್ ಸೋಕಿಸಬಾರದು. ಮಳೆಯಲ್ಲಿ ನೆನೆದರೆ ಹಾಗೆಯೇ ಪೆಟ್ಟಿಗೆಯಲ್ಲಿಟ್ಟು ಮುಚ್ಚಬೇಡಿ. ನೆರಳಿನಲ್ಲಿ ರಾತ್ರಿಯೆಲ್ಲಾ ಆರಲಿ. ಹಿಡಿಕೆಯ ತಿರುಪಿನಲ್ಲಿ ಮರಳು ಸೇರಿದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ನಮಗೆ ನಷ್ಟ ತಂದದ್ದು ಇದೇ ತಿರುಪು. ಗೆರೆ ಕಣ್ಣಿನ ಎತ್ತರದಲ್ಲಿ ಹಾಯದಂತೆ ಇಡಿ, ಮಕ್ಕಳು ಇಣುಕದಂತೆ ನೋಡಿಕೊಳ್ಳಿ. ಕೆಲಸ ಮುಗಿದು ತಿಂಗಳುಗಟ್ಟಲೆ ಇಡುವಾಗ ಸೆಲ್ ತೆಗೆದಿಡಿ. ಸೋರಿದರೆ ತಗಡುಗಳು ಹಸಿರುಗಟ್ಟಿ ಒಳ್ಳೆಯ ಡಿಟೆಕ್ಟರ್ ಮೂಕವಾಗುತ್ತದೆ.

ನಮ್ಮ ಕಣದ ನಡುವೆ ಈಗ ಅಡ್ಡಲಾಗಿ ಒಂದು ಸಣ್ಣ ಕಾಲುವೆ ಕೊರೆಸಿದ್ದೇವೆ. ಮಳೆ ಬಂದ ದಿನ ನೀರು ಅದರಲ್ಲಿ ಹೋಗುತ್ತದೆ. ಅದರ ಮಟ್ಟವನ್ನು ಅದೇ ಮೇಸ್ತ್ರಿಯವರು ನೀರಿನ ಪೈಪಿನಲ್ಲಿ ನೋಡಿ ಗುರುತಿಸಿದರು. ನಾವು ಪುಸ್ತಕ ಹಿಡಿದು ಅಂಕಿ ಬರೆದುಕೊಂಡೆವು.